ವ್ಯಂಗ್ಯಚಿತ್ರದ ಮೀನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಓದುಗರಿಂದ ವ್ಯಂಗ್ಯಚಿತ್ರ ಕೇಳಿದ್ದೆವು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಿಂದ ಬಂದ ಚಿತ್ರಗಳಲ್ಲಿ ಮೀನಿನವೇ ಹೆಚ್ಚು. ಚಿತ್ರದ ಜೊತೆಗೆ ಪ್ರಶ್ನೆ ಬರೆದು ಕಳಿಸಿದವರಿಗೆ ಇಲ್ಲಿ ಉತ್ತರಿಸಿದ್ದೇವೆ.

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಚಿತ್ರ ಬರೆದೆ. ಸವಕಲಾಯಿತು ಎಂದರು. ಇದು ಎಲ್ಲಿಂದ ಬಂತು? ಇನ್ನೂ ಬಳಸಬಹುದೇ?
(ಕಾಲೇಜು ವಿದ್ಯಾರ್ಥಿ, ಕಾರವಾರ)

ಧಾರಾಳವಾಗಿ ಬಳಸಿ. ಒಂದು ಅಪಾಯ ಮಾತ್ರ ಗೊತ್ತಿರಲಿ. ಮೀನು ಮೀನನ್ನು ತಿನ್ನುವುದು ಸಮುದ್ರದಲ್ಲಿ ದಿನವೂ ನಡೆಯುವ ಸಂಗತಿ. ದೊಡ್ಡ ಕಂಪನಿ ಊರಿನ ಸಣ್ಣ ಅಂಗಡಿಯನ್ನು ನುಂಗಿದ್ದನ್ನು ಬರೀ ಎರಡು ಮೀನಾಗಿ ಬರೆದರೆ ‘ಲೋಕ ಇರುವುದೇ ಹೀಗೆ’ ಎಂದು ಓದುಗ ಪುಟ ತಿರುವುತ್ತಾನೆ. ನೀವು ಖಂಡಿಸಲು ಹೊರಟ ಅನ್ಯಾಯಕ್ಕೆ ನಿಮ್ಮ ಚಿತ್ರವೇ ಸಮಜಾಯಿಷಿ ಕೊಟ್ಟಂತಾಗುತ್ತದೆ.

ಈ ಉಪಮೆಯನ್ನು ಹಳಬರು ಅಷ್ಟಕ್ಕೇ ಬಿಟ್ಟಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮತ್ಸ್ಯನ್ಯಾಯದ ಮಾತು ಬರುವುದು ದಂಡದ, ಅಂದರೆ ಶಿಕ್ಷಿಸುವ ರಾಜಾಧಿಕಾರದ, ಪ್ರಸ್ತಾಪದಲ್ಲಿ. ದಂಡ ಹಿಡಿದವನು ಇಲ್ಲದೆಡೆ ಬಲವಿದ್ದವನು ಬಲವಿಲ್ಲದವನನ್ನು ನುಂಗುತ್ತಾನೆ ಎಂಬುದು ಅಲ್ಲಿನ ವಾದ. ಬಂಗಾಳದ ಪಾಲ ದೊರೆ ಧರ್ಮಪಾಲನ ಖಾಲಿಂಪುರ ತಾಮ್ರಶಾಸನವೂ ಇದನ್ನೇ ಹೇಳುತ್ತದೆ: ಮತ್ಸ್ಯನ್ಯಾಯ ಕೊನೆಗಾಣಿಸಲೆಂದು ಅವನ ತಂದೆ ಗೋಪಾಲನನ್ನು ಜನರೇ ಪಟ್ಟಕ್ಕೆ ತಂದರಂತೆ. ಎರಡೂ ಕಡೆ ದೂರು ಇರುವುದು ಕಾಯಬೇಕಾದವನು ಕಾಯಲಿಲ್ಲ ಎಂದು.

ಯುರೋಪಿನಲ್ಲಿ ಇದೇ ವಸ್ತುವಿನ ಹೆಸರಾಂತ ಚಿತ್ರ ಕಲಾವಿದ ಪೀಟರ್ ಬ್ರೂಗೆಲ್ 1556ರಲ್ಲಿ ಬರೆದದ್ದು. ಮರುವರ್ಷ ಅದನ್ನು ತಾಮ್ರಫಲಕದಲ್ಲಿ ಕೊರೆದು ಅಚ್ಚು ಹಾಕಿದರು. ಚೆನ್ನಾಗಿ ಮಾರಾಟವಾಗಲಿ ಎಂದು ಪ್ರಕಾಶಕ ಹಿರೋನಿಮಸ್ ಕಾಕ್ ಅದರ ಮೇಲೆ ಆಗಲೇ ತೀರಿಹೋಗಿದ್ದ ಹೆಸರಾಂತ ಕಲಾವಿದ ಬಾಷ್‌ನ ಹೆಸರು ಹಾಕಿದ. ದಡದಲ್ಲಿ ಗುಡ್ಡದಂಥ ಮೀನು ಬಿದ್ದಿದೆ. ಅದರ ಬಾಯಿಂದಲೂ ಸೀಳಿದ ಹೊಟ್ಟೆಯಿಂದಲೂ ಮೀನುಗಳು ಹೊರಬೀಳುತ್ತಿವೆ, ಅವುಗಳ ಬಾಯಲ್ಲಿ ಮತ್ತೆ ಸಣ್ಣ ಮೀನು. ನೀವು ನೋಡಿ ಕಲಿಯಬೇಕಾದದ್ದು ಅಲ್ಲಿರುವ ಮನುಷ್ಯರನ್ನು. ಒಬ್ಬ ತನಗಿಂತ ದೊಡ್ಡ ಚೂರಿಯಿಂದ ಹೊಟ್ಟೆ ಸೀಳುತ್ತಿದ್ದಾನೆ, ಒಬ್ಬ ಏಣಿ ಹತ್ತಿದ್ದಾನೆ, ಮುಂದಿನ ದೋಣಿಯಲ್ಲಿ ತಂದೆ ಮಗನಿಗೆ ಅದನ್ನೆಲ್ಲ ಬೆರಳು ತೋರಿಸುತ್ತಿದ್ದಾನೆ. ಎಡಗಡೆ ಒಂದು ಮೀನು ಮನುಷ್ಯರ ಕಾಲು ಮೂಡಿಸಿಕೊಂಡು, ಬಾಯಲ್ಲಿ ಇನ್ನೊಂದು ಮೀನು ಕಚ್ಚಿಕೊಂಡು ನಡೆದುಹೋಗುತ್ತಿದೆ. ಆ ಕಾಲುಗಳಿಂದಾಗಿಯೇ ಅದು ನಮ್ಮ ನಡುವಿನವನ ಚಿತ್ರವಾಯಿತು.

ಹಾಗಾಗಿ ನಿಮ್ಮ ಚಿತ್ರಕ್ಕೆ ಮೂರನೆಯವನೊಬ್ಬನನ್ನು ತನ್ನಿ. ದೊಡ್ಡ ಮೀನಿಗೆ ಮೇವು ಹಾಕುವವನು, ನಿದ್ದೆ ಹೋದ ಕಾವಲಿನವನು, ನಡುವೆ ನಿಂತು ಲೆಕ್ಕ ಬರೆದುಕೊಳ್ಳುವವನು, ಯಾರಾದರೂ ಸರಿ. ನುಂಗುವ ಬಾಯಿ ಚೌಕಟ್ಟಿನ ಮೂರನೇ ಒಂದು ಭಾಗ ಮೀರಬಾರದು. ಮೀರಿದರೆ ಕಣ್ಣು ಹಲ್ಲಿನ ಸಾಲಿನಲ್ಲೇ ನಿಂತುಬಿಡುತ್ತದೆ, ಆ ಮೂರನೆಯವನು ಯಾರಿಗೂ ಕಾಣುವುದಿಲ್ಲ.

ಭ್ರಷ್ಟ ಅಧಿಕಾರಿಯನ್ನು ತಿಮಿಂಗಿಲವಾಗಿ ಬರೆದೆ. ಶಾರ್ಕ್‌ನಂತೆ ಕಾಣುತ್ತಿದೆ ಎಂದು ಮನೆಯಲ್ಲಿ ಹೇಳುತ್ತಾರೆ.
(ಅಂಕೋಲಾ)

ನೀವು ಕಳಿಸಿದ ಚಿತ್ರದಲ್ಲಿ ಬಾಲ ನೆಟ್ಟಗೆ ನಿಂತಿದೆ, ಕತ್ತಿನ ಬಳಿ ಕಿವಿರಿನ ಸೀಳುಗಳಿವೆ. ಎರಡೂ ಮೀನಿನ ಗುರುತು. ತಿಮಿಂಗಿಲ ಸಸ್ತನಿ. ಅದರ ಬಾಲ ಅಡ್ಡಕ್ಕೆ ಹರಡಿ ಮೇಲೆ ಕೆಳಗೆ ಬಡಿಯುತ್ತದೆ, ಕಿವಿರು ಇಲ್ಲ, ಉಸಿರಿನ ತೂತು ತಲೆಯ ಮೇಲಿದೆ. ಶಾರ್ಕ್‌ಗೆ, ಅಂದರೆ ಇಲ್ಲಿಯ ಕೊಂಕಣಿಯ ಮೋರಿಗೆ, ಕಿವಿರಿನ ಸೀಳು ಸಾಮಾನ್ಯವಾಗಿ ಐದು, ಬಾಯಿ ಮೂತಿಯ ಕೆಳಗೆ, ಬಾಲದ ಮೇಲಿನ ಕವಲು ಉದ್ದ.

ಈ ವ್ಯತ್ಯಾಸದಿಂದ ಅರ್ಥವೂ ಬದಲಾಗುತ್ತದೆ. ಒಂದೇ ಬಾಯಿಗೆ ಕೋಟಿ ಕಚ್ಚಿದವನಿಗೆ ಶಾರ್ಕ್ ಸರಿ. ನೀಲಿ ತಿಮಿಂಗಿಲಕ್ಕೆ ಹಲ್ಲೇ ಇಲ್ಲ. ಬಾಯಿತುಂಬ ನೀರು ತೆಗೆದುಕೊಂಡು ಚಿಕ್ಕ ಚಿಕ್ಕ ಜೀವಿಗಳನ್ನು ಸೋಸಿ ತಿನ್ನುತ್ತದೆ. ಪ್ರತಿ ಅರ್ಜಿಗೂ ನೂರು, ಇನ್ನೂರು ಎಂದು ಸಾವಿರಾರು ಜನರಿಂದ ಕಿತ್ತವನಿಗೆ ಅದು ಹೇಳಿ ಮಾಡಿಸಿದ ರೂಪ. ಮತ್ತೆ, ಎಷ್ಟೇ ಆಳಕ್ಕೆ ಹೋದರೂ ತಿಮಿಂಗಿಲ ಉಸಿರಿಗಾಗಿ ಮೇಲೆ ಬರಲೇಬೇಕು. ಲೋಕಾಯುಕ್ತರ ದಾಳಿಯ ಚಿತ್ರಕ್ಕೆ ಆ ಕ್ಷಣವನ್ನು ಹಿಡಿಯಿರಿ.

ಲಂಚದ ಬಗ್ಗೆ ಇನ್ನೊಂದು ಮೀನು ಅರ್ಥಶಾಸ್ತ್ರದ ಎರಡನೇ ಅಧಿಕರಣದಲ್ಲಿದೆ. ನೀರೊಳಗೆ ಓಡಾಡುವ ಮೀನು ಯಾವಾಗ ನೀರು ಕುಡಿಯಿತೆಂದು ಹೇಗೆ ತಿಳಿಯದೋ, ಕೆಲಸಕ್ಕೆ ನೇಮಿಸಿದವರು ಯಾವಾಗ ಹಣ ತೆಗೆದರೆಂದು ಹಾಗೆಯೇ ತಿಳಿಯದು ಎನ್ನುತ್ತಾನೆ ಕೌಟಿಲ್ಯ. ಇದನ್ನು ಬರೆಯುವುದಾದರೆ ಮೀನಿನ ಬಾಯಿಗಿಂತ ತೊಟ್ಟಿಯ ಗೋಡೆಗೆ ಗಮನ ಕೊಡಿ: ಹಿಂದೆ ನೀರು ನಿಂತಿದ್ದ ಕಲೆ ಮೇಲೆ, ಈಗಿನ ನೀರು ಅದಕ್ಕಿಂತ ಗೇಣು ಕೆಳಗೆ, ಮೀನಿನ ಮುಖ ಪ್ರಶಾಂತ.

ನಮ್ಮ ಕಡೆ ಮೀನು ತಿನ್ನದವರೇ ಹೆಚ್ಚು. ಮೀನಿನ ಚಿತ್ರ ಇಲ್ಲಿಯವರಿಗೆ ನಾಟುತ್ತದೆಯೇ?
(ಶಿರಸಿ)

ಗಾಳ, ಬಲೆ, ದೊಡ್ಡದು ಸಣ್ಣದು, ಬಕಧ್ಯಾನದ ಕೊಕ್ಕರೆ, ನೀರಿನಿಂದ ತೆಗೆದ ಮೀನಿನ ಚಡಪಡಿಕೆ, ಇವೆಲ್ಲ ನುಡಿಗಟ್ಟಿನಲ್ಲೇ ಇರುವುದರಿಂದ ಘಟ್ಟದ ಮೇಲೂ ನಾಟುತ್ತವೆ. ನಾಟದೇ ಹೋಗುವುದು ಇದು ಯಾವ ಮೀನು ಎಂಬ ಗುರುತು. ಬಂಗಡೆ ಬಡವರ ಮೀನು, ಪಾಂಪ್ಲೆಟ್ ದುಬಾರಿ ಎಂಬುದರ ಮೇಲೆ ನಿಂತ ಚಿತ್ರ ಕಾರವಾರದಲ್ಲಿ ಥಟ್ಟನೆ ತಿಳಿಯುತ್ತದೆ, ಶಿರಸಿಯಲ್ಲಿ ಬೆಲೆಪಟ್ಟಿ ಬರೆದು ತೋರಿಸಬೇಕಾಗುತ್ತದೆ. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಹಾಕಿ ಸಾಕುವ ದೇವರ ಮೀನೂ ನೆನಪಿರಲಿ. ಹೊಳೆಗೆ ಬಿಟ್ಟ ಕೊಳಚೆಯ ಮೇಲೆ ಬರೆಯುವಾಗ ಮಲೆನಾಡಿನ ಓದುಗರಿಗೆ ಆ ಮೀನು ತಾಕುವಷ್ಟು ಸಮುದ್ರದ ಮೀನು ತಾಕುವುದಿಲ್ಲ.

ನಮ್ಮೂರ ಬಳಿಯ ಟೊಂಕ ಎಂಬಲ್ಲಿನ ಬಂದರು ಕಾಮಗಾರಿಯ ಮೇಲೆ ಬರೆದ ಚಿತ್ರದಲ್ಲಿ ಕ್ರೇನಿಗೆ ಮೀನು ನೇತುಹಾಕಿದ್ದೆ. ಎಲ್ಲರೂ ಅದನ್ನು ಗಾಳ ಎಂದುಕೊಂಡರು. ಎಲ್ಲಿ ತಪ್ಪಿದೆ?
(ಹೊನ್ನಾವರ)

ಕೊಕ್ಕೆಯ ತುದಿಯಲ್ಲಿ. ಗಾಳದ ಮೊನೆಯ ಒಳಗಡೆ ಹಿಮ್ಮುಖವಾದ ಒಂದು ಮುಳ್ಳಿರುತ್ತದೆ, ಕಚ್ಚಿದ ಮೀನು ಜಾರದಿರುವುದು ಅದರಿಂದ. ನೀವು ಆ ಮುಳ್ಳು ಬರೆದಿದ್ದೀರಿ. ಕ್ರೇನಿನ ಕೊಕ್ಕೆಗೆ ಅದಿಲ್ಲ, ತುದಿ ಮೊಂಡು, ಹೊಟ್ಟೆ ದಪ್ಪ, ಬಾಯಿಗೆ ಅಡ್ಡಲಾಗಿ ಒಂದು ತಗಡಿನ ಚಿಲಕ, ಮೇಲೆ ರಾಟೆಯ ಪೆಟ್ಟಿಗೆ. ಗಾಳಕ್ಕೆ ನೂಲು ಒಂದೆಳೆ, ಕ್ರೇನಿಗೆ ಸಮಾನಾಂತರ ಉಕ್ಕಿನ ಹಗ್ಗ ಕನಿಷ್ಠ ಎರಡು. ಇವುಗಳಲ್ಲಿ ಎರಡು ಸರಿ ಬಂದರೆ ಸಾಕು.

ಮೀನನ್ನೂ ಗುರುತಿರುವ ಮೀನಾಗಿಸಿ. ಬಂಗಡೆಯಾದರೆ ಬೆನ್ನ ಮೇಲೆ ಬಿಡಿಬಿಡಿಯಾಗಿ ಎರಡು ರೆಕ್ಕೆ, ಎರಡನೆಯದರ ಹಿಂದೆ ಬಾಲದವರೆಗೆ ಐದು ಪುಟ್ಟ ರೆಕ್ಕೆಗಳು, ಕೆಳಗಡೆಯೂ ಐದು. ಬೆನ್ನುದ್ದಕ್ಕೂ ಕಪ್ಪು ಗೆರೆ, ಬಾಲ ಚೆನ್ನಾಗಿ ಕವಲೊಡೆದದ್ದು. ತಾರ್ಲೆಗೆ, ಅಂದರೆ ಬೂತಾಯಿಗೆ, ಬೆನ್ನ ನಡುವೆ ಒಂದೇ ರೆಕ್ಕೆ, ಪುಟ್ಟ ರೆಕ್ಕೆ ಇಲ್ಲ. ನಿಮ್ಮ ಮೀನಿಗೆ ಅಕ್ವೇರಿಯಮ್ಮಿನ ಗೋಲ್ಡ್ ಫಿಶ್‌ನ ಜಾಲರಿ ಬಾಲ ಬಂದಿದೆ. ಅದನ್ನು ನೋಡಿದ ಮೀನುಗಾರರು ‘ಇವರಿಗೆ ನಮ್ಮ ವಿಷಯ ಗೊತ್ತಿಲ್ಲ’ ಎಂದು ಅಲ್ಲಿಗೇ ತೀರ್ಮಾನಿಸುತ್ತಾರೆ. ಅವರ ಪರವಾಗಿ ಬರೆದ ಚಿತ್ರಕ್ಕೆ ಅವರೇ ಮೊದಲ ಪರೀಕ್ಷಕರು.

ಇದೇ ವಸ್ತುವಿಗೆ ಒಂದು ಸಲಹೆ. ಮೇಲಿನಿಂದ ನೋಡಿದಂತೆ ಬರೆಯಿರಿ. ರಂಪಣಿ ಬಲೆ ದಡದಿಂದ ಹೊರಟು ಅರ್ಧಚಂದ್ರವಾಗಿ ನೀರು ಬಳಸಿ ಮತ್ತೆ ದಡಕ್ಕೆ ಬರುತ್ತದೆ. ಎರಡೂ ತುದಿಯ ಹಗ್ಗವನ್ನು ಸಾಲು ಸಾಲು ಜನ ಮರಳಿನಲ್ಲಿ ನಿಂತು ಎಳೆಯುತ್ತಾರೆ. ಬಂದರಿನ ಅಲೆತಡೆಗೋಡೆಯ ತೋಳೂ ಅದೇ ಆಕಾರ. ಒಂದೇ ತೀರದಲ್ಲಿ ಅಕ್ಕಪಕ್ಕ ಎರಡು ಅರ್ಧಚಂದ್ರ: ಒಂದರ ತುದಿಯಲ್ಲಿ ಊರೇ ಇದೆ, ಇನ್ನೊಂದರ ತುದಿಯಲ್ಲಿ ಗೇಟು. ಮಾತು ಬರೆಯುವ ಅಗತ್ಯವೇ ಬೀಳದು.

ಕಾನೂನಿನ ಬಲೆಯಲ್ಲಿ ಸಣ್ಣವರು ಸಿಕ್ಕು ದೊಡ್ಡವರು ಪಾರಾಗುವುದನ್ನು ಹೇಗೆ ತೋರಿಸುವುದು?
(ಕುಮಟಾ)

ಮೀನಿನ ಬಲೆಯ ಕೆಲಸ ಇದಕ್ಕೆ ತಿರುಗುಮುರುಗು, ಸಣ್ಣದು ಕಣ್ಣಿನಿಂದ ನುಸುಳುತ್ತದೆ, ದೊಡ್ಡದು ಉಳಿಯುತ್ತದೆ. ಗ್ರೀಕರ ಹಳೆಯ ಮಾತಿನಲ್ಲಿ ಕಾನೂನನ್ನು ಹೋಲಿಸಿದ್ದು ಜೇಡರ ಬಲೆಗೆ: ಸಣ್ಣದು ಅದರಲ್ಲಿ ಸಿಕ್ಕಿಬೀಳುತ್ತದೆ, ದೊಡ್ಡದು ಹರಿದುಕೊಂಡು ಹೋಗುತ್ತದೆ. ಮೀನಿನ ಬಲೆಯೇ ಬೇಕೆಂದರೆ ದೊಡ್ಡ ಮೀನು ಹೋದ ದಾರಿಯಲ್ಲಿ ತೂತು ತೋರಿಸಬೇಕು. ಆ ತೂತಿನ ಅಂಚು ಮುಖ್ಯ. ಮೀನೇ ಹರಿದಿದ್ದರೆ ನೂಲಿನ ತುದಿಗಳು ಎಳೆಬಿಟ್ಟು ಹೊರಮುಖವಾಗಿ ಬಾಗಿರುತ್ತವೆ. ಚೂರಿಯಿಂದ ಕೊಯ್ದಿದ್ದರೆ ತುದಿಗಳು ನೇರ, ಒಂದೇ ಸಾಲಿನಲ್ಲಿ. ಮೊದಲನೆಯದು ‘ಬಲಶಾಲಿ ತಪ್ಪಿಸಿಕೊಂಡ’ ಎನ್ನುತ್ತದೆ, ಎರಡನೆಯದು ‘ಒಳಗಿನವರೇ ಬಿಟ್ಟರು’ ಎನ್ನುತ್ತದೆ. ಯಾವುದನ್ನು ಹೇಳುತ್ತಿದ್ದೀರಿ ಎಂದು ಪೆನ್ಸಿಲ್ ಹಿಡಿಯುವ ಮೊದಲೇ ನಿರ್ಧರಿಸಿ.

ಬೇಕಾದವರನ್ನಷ್ಟೇ ಹಿಡಿಯುವ ತನಿಖೆಗೆ ಕಿವಿರಿಗೆ ಸಿಕ್ಕಿಸಿ ಹಿಡಿಯುವ ಗಿಲ್‌ನೆಟ್ ತಕ್ಕ ರೂಪ. ಅದರ ಕಣ್ಣಿನ ಅಳತೆಗೆ ಹೊಂದುವ ಮೀನು ಮಾತ್ರ ಸಿಕ್ಕುತ್ತದೆ, ಸಣ್ಣದು ದಾಟುತ್ತದೆ, ತೀರಾ ದೊಡ್ಡದರ ತಲೆಯೇ ತೂರುವುದಿಲ್ಲ.

ಚುನಾವಣೆಯ ಭರವಸೆಗೆ ಗಾಳದ ಹುಳು ಬಿಟ್ಟು ಬೇರೆ ಏನಿದೆ?
(ಮುರ್ಡೇಶ್ವರ)

ಲೈಟ್ ಫಿಶಿಂಗ್. ಪ್ರಖರ ಎಲ್‌ಇಡಿ ದೀಪ ಬಿಟ್ಟು ಮೀನುಗಳನ್ನು ಒಂದೆಡೆ ಸೇರಿಸಿ ಬಲೆ ಎಳೆಯುವ ಈ ಪದ್ಧತಿಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಕರಾವಳಿಯಲ್ಲಿ ಇದರ ಜಗಳ ಎಲ್ಲರಿಗೂ ಗೊತ್ತು. ಚೌಕಟ್ಟಿಗೆಲ್ಲ ಬ್ರಷ್ಷಿನಿಂದ ಕಪ್ಪು ತುಂಬಿ, ದೀಪದಿಂದ ಕೆಳಗಿಳಿಯುವ ಬೆಳಕನ್ನು ಬಿಳಿಯಾಗಿ ಬಿಡಿ. ಎಲ್ಲ ಮೀನಿನ ಮುಖ ದೀಪದ ಕಡೆಗಿರಲಿ. ಬಲೆ ಕಾಣಬೇಕಾದದ್ದು ಬೆಳಕು ಮುಗಿದು ಕತ್ತಲು ಶುರುವಾಗುವ ಕಡೆ, ನಾಲ್ಕೈದು ಬಿಳಿ ಎಳೆಯಲ್ಲಿ ಮಾತ್ರ.

‘ಮೀನು ಕೊಳೆಯುವುದು ತಲೆಯಿಂದ’ ಎಂಬ ಮಾತಿನ ಮೇಲೆ ನಾಯಕರೊಬ್ಬರ ಚಿತ್ರ ಬರೆಯಬಹುದೇ?
(ಶಿಕ್ಷಕಿ, ಭಟ್ಕಳ)

ಯುರೋಪಿನಲ್ಲಿ ಅದು ಹಳೆಯ ಗಾದೆ. ವಾಸ್ತವದಲ್ಲಿ ಮೀನು ಮೊದಲು ಕೆಡುವುದು ಕರುಳು ಮತ್ತು ಕಿವಿರಿನ ಬಳಿ. ಹೊಟ್ಟೆ ತುಂಬಿದ ತಾರ್ಲೆಯನ್ನು ಐಸ್ ಇಲ್ಲದೆ ಇಟ್ಟರೆ ಹೊಟ್ಟೆಯೇ ಮೊದಲು ಒಡೆಯುತ್ತದೆ. ಕರಾವಳಿಯ ಓದುಗರಿಗೆ ಗಾದೆಗಿಂತ ಬಲವಾದ ಚಿತ್ರ ಮಾರ್ಕೆಟ್ಟಿನಲ್ಲೇ ಇದೆ. ಕೊಳ್ಳುವವರು ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಎತ್ತಿ ನೋಡುತ್ತಾರೆ. ಕೆಂಪಗಿದ್ದರೆ ತಾಜಾ, ಕಂದಿದ್ದರೆ ಹಳತು. ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತದೆ, ಹಳತಿನದು ಗುಳಿಬಿದ್ದು ಮಬ್ಬಾಗಿರುತ್ತದೆ. ಹೊಸ ಖಾದಿ ತೊಟ್ಟ ಮೀನು, ಅದರ ಕಿವಿರೆತ್ತಿ ನೋಡುವ ಮತದಾರಳ ಹೆಬ್ಬೆರಳು: ಇದು ನಮ್ಮದೇ ನೆಲದ ಚಿತ್ರ.

ಸದನದಲ್ಲಿ ಗದ್ದಲವಾದರೆ ‘ಮೀನು ಮಾರ್ಕೆಟ್’ ಎಂದು ಬರೆದು, ಸೊಂಟಕ್ಕೆ ಕೈಯಿಟ್ಟು ಕೂಗಾಡುವ ಹೆಂಗಸನ್ನು ಚಿತ್ರಿಸುತ್ತಾರೆ. ನಮ್ಮ ಅಮ್ಮ ಮೀನು ಮಾರಿಯೇ ನಮ್ಮನ್ನು ಓದಿಸಿದ್ದು. ನೋಡಿದಾಗಲೆಲ್ಲ ನೋವಾಗುತ್ತದೆ.
(ಕಾರವಾರ)

ನಿಮ್ಮ ನೋವು ನ್ಯಾಯವಾದದ್ದು. ಆ ಚಿತ್ರ ಕ್ರೂರವೂ ಹೌದು, ತಪ್ಪೂ ಹೌದು. ಬಂದರಿನ ಹರಾಜಿನಲ್ಲಿ ದನಿ ಏರುವುದು ಸರಕು ಹಾಳಾಗುವ ಮೊದಲು ಬೆಲೆ ನಿಲ್ಲಬೇಕೆಂದು. ಕೂಗಿದ ಬೆಲೆಗೆ ಬುಟ್ಟಿ ಎತ್ತಬೇಕು, ಆಡಿದ ಮಾತಿಗೆ ಹಣ ಎಣಿಸಬೇಕು. ಚೌಕಾಸಿ ಮುಗಿದ ಮೇಲೆ ಅದೇ ಗಿರಾಕಿ ನಾಳೆಯೂ ಬರುತ್ತಾರೆ. ಸದನದ ಗದ್ದಲದಲ್ಲಿ ಇದ್ಯಾವುದೂ ಇಲ್ಲ. ಗದ್ದಲ ಮಾಡಿದ ಶಾಸಕರ ಮೇಲೆ ಸಿಟ್ಟಿದ್ದರೆ ಶಾಸಕರನ್ನೇ ಬರೆಯಬೇಕು. ಹಾಗೆಯೇ ಮೀನಿನ ವಾಸನೆಯನ್ನು ಹೊಲಸಿನ ಗುರುತಾಗಿ ಬಳಸಿದ ಚಿತ್ರಗಳನ್ನೂ ಈ ಸಲ ವಾಪಸು ಕಳಿಸಿದ್ದೇವೆ. ಖಾರ್ವಿ, ಹರಿಕಂತ್ರ, ಗಾಬಿತ, ದಾಲ್ದಿ ಮೀನುಗಾರರ ಮನೆಗಳಲ್ಲಿ ಅದು ದುಡಿಮೆಯ ವಾಸನೆ.

ಕಾಗದದಲ್ಲಿ ಚಂದ ಕಂಡ ಮೀನು ಅಚ್ಚಿನಲ್ಲಿ ಕಪ್ಪು ಮುದ್ದೆಯಾಗುತ್ತದೆ. ಏಕೆ?
(ಗೋಕರ್ಣ)

ಪೊರೆಗಳನ್ನೆಲ್ಲ ಬರೆದದ್ದಕ್ಕೆ. ಎರಡು ಕಾಲಮ್ಮಿನ ಚಿತ್ರ ಅಚ್ಚಿನಲ್ಲಿ ಸುಮಾರು 8 ಸೆಂ.ಮೀ. ಅಗಲ. ನೀವು 16 ಸೆಂ.ಮೀ.ನಲ್ಲಿ 0.3 ಮಿ.ಮೀ. ಪೆನ್ನು ಹಿಡಿದರೆ ಗೆರೆ 0.15ಕ್ಕೆ ಇಳಿಯುತ್ತದೆ, ಗೆರೆಗಳ ನಡುವಿನ ಸಂದಿಯೂ ಅರ್ಧವಾಗುತ್ತದೆ, ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಮಸಿ ಹರಡಿ ಆ ಸಂದಿ ಮುಚ್ಚಿಹೋಗುತ್ತದೆ. ಹೊರಗೆರೆಗೆ 0.8, ಒಳಗಿನ ಗೆರೆಗೆ 0.5 ಬಳಸಿ. ಪೊರೆಯನ್ನು ಕಿವಿರಿನ ಹಿಂದೆ ಏಳೆಂಟು, ಬಾಲದ ಬುಡದಲ್ಲಿ ಮೂರ್ನಾಲ್ಕು ಬರೆದು ಬಿಡಿ, ಉಳಿದದ್ದನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಸಿಟ್ಟು, ಸೋಗು, ನಿದ್ದೆ ತೋರಿಸಬೇಕಾದ ಮೀನಿಗೆ ಮಾತ್ರ ಕಣ್ಣಿನ ಮೇಲೆ ರೆಪ್ಪೆಯ ಒಂದು ಗೆರೆ ಎಳೆಯಿರಿ. ಮೀನಿಗೆ ರೆಪ್ಪೆ ಇಲ್ಲದ್ದರಿಂದ ಆ ಒಂದು ಗೆರೆ ಬಂದೊಡನೆ ಅದು ಮನುಷ್ಯನ ಮುಖವಾಗುತ್ತದೆ. ಗುಂಪಿನಲ್ಲಿರುವ ಉಳಿದ ಮೀನುಗಳ ಕಣ್ಣು ಬರೀ ದುಂಡಗಿರಲಿ. ಸ್ಕ್ಯಾನ್ ಮಾಡುವಾಗ 600 ಡಿಪಿಐ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೆ ಕಾಗದದ ನೆರಳೂ ಬೂದು ಕಲೆಯಾಗಿ ಅಚ್ಚಾಗುತ್ತದೆ.