ಅಪರೂಪದ ಪ್ರೊಟೊಟೈಪ್ (ಮಾರಾಟಕ್ಕೆ ಮುನ್ನ ಪರೀಕ್ಷೆಗೆಂದು ಕಟ್ಟುವ ಮೊದಲ ಮಾದರಿ) ಕಾರುಗಳನ್ನು ಕಾರ್ಖಾನೆಯ ಮಾಮೂಲಿ ಅಸೆಂಬ್ಲಿ ಲೈನಿನಲ್ಲೇ ಕಟ್ಟುತ್ತಿದ್ದರೇ?

ಇದೇ ಪ್ರಶ್ನೆಗೆ ಹನ್ನೊಂದು ವರ್ಷಗಳ ಹಿಂದೆ ‘ಹೌದು’ ಎಂದು ನಾನೇ ಉತ್ತರ ಹೇಳಿಕೊಂಡು, ಆ ನಂಬಿಕೆಯ ಮೇಲೆ ಒಂದು ಕಾರಿನ ಚರಿತ್ರೆಯನ್ನು ಕೈಯಾರೆ ಅಳಿಸಿದವನು ನಾನು.

ಪ್ರೊಟೊಟೈಪ್ ಎಂಬ ಬಾಯಿಮಾತಿನ ಭರವಸೆಯ ಹೊರತು ಬೇರೆ ದಾಖಲೆಯಿಲ್ಲದ ಎರಡು ಬಾಗಿಲಿನ ಹಳೆಯ ಕಾರೊಂದನ್ನು ಕೊಂಡಿದ್ದೆ. ಬಾನೆಟ್ ಎತ್ತಿದರೆ ವೈಪರ್ ಮೋಟರಿನ ಬ್ರಾಕೆಟ್ಟನ್ನು ಕತ್ತರಿಸಿ ಗ್ಯಾಸ್ ವೆಲ್ಡಿಂಗ್‌ನಲ್ಲಿ ಮತ್ತೆ ಜೋಡಿಸಿದ್ದು ಕಾಣುತ್ತಿತ್ತು. ಅದರ ಪಕ್ಕದ ತೂತುಗಳ ಸುತ್ತ ಮೊಳೆಯಿಂದ ಗೀರಿ ಗುರುತು ಮಾಡಿದ ಗೆರೆಗಳಿದ್ದವು. ಎಡಬಾಗಿಲಿನ ಒಳತಗಡಿನ ಮೇಲೆ ಹಳದಿ ಸೀಮೆಸುಣ್ಣದಲ್ಲಿ ‘ಎಲ್ 4’ ಎಂದು ಬರೆದಿತ್ತು. ಲೈನಿನಲ್ಲಿ ತಯಾರಾಗಿ ಮಾರಾಟವಾಗಿದ್ದ ಅದೇ ಮಾದರಿಯ ಕಾರೊಂದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೋಲಿಸಿ ನೋಡಿದೆ. ಕಾರ್ಖಾನೆಯ ಕೆಲಸ ಇಷ್ಟು ಒರಟಾಗಿರಲಾರದು, ಅಪಘಾತವಾದ ಮೇಲೆ ಯಾರೋ ಮಾಡಿದ ಕಳಪೆ ರಿಪೇರಿಯಿದು ಎಂದು ತೀರ್ಮಾನಿಸಿ, ಎರಡು ದಿನ ಗ್ರೈಂಡರ್ ಹಿಡಿದು ಬೆಸುಗೆಗಳನ್ನೆಲ್ಲ ಸವೆಸಿದೆ, ತೂತುಗಳನ್ನು ಮುಚ್ಚಿದೆ, ಬರಹವನ್ನು ಥಿನ್ನರಿನಿಂದ ಒರೆಸಿದೆ.

ನನ್ನ ತಪ್ಪು ಗ್ರೈಂಡರ್ ಹಿಡಿದದ್ದಕ್ಕಿಂತ ಮೊದಲೇ ಆಗಿತ್ತು. ಲೈನಿನಿಂದ ಹೊರಬಂದ ಕಾರನ್ನು ಅಳತೆಗೋಲು ಮಾಡಿಕೊಂಡು, ಲೈನು ಹುಟ್ಟುವ ಮುಂಚಿನ ಕಾರನ್ನು ಅಳೆದೆ. ಹಾಗಾಗಿ ಅದು ಪ್ರೊಟೊಟೈಪ್ ಎಂದು ಹೇಳುತ್ತಿದ್ದ ಪ್ರತಿಯೊಂದು ಸಾಕ್ಷಿಯೂ ನನ್ನ ಕಣ್ಣಿಗೆ ದೋಷವಾಗಿಯೇ ಕಂಡಿತು. ಎರಡು ವರ್ಷಗಳ ನಂತರ, ಪ್ರೊಟೊಟೈಪ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರು ನನ್ನ ಹಳೆಯ ಫೋಟೊಗಳನ್ನು ನೋಡಿ, ಆ ಬ್ರಾಕೆಟ್ ಈಗ ಎಲ್ಲಿದೆ ಎಂದು ಮೊದಲು ಕೇಳಿದರು. ಅದು ಗುಜರಿಗೆ ಹೋಗಿತ್ತು.

ಆದ್ದರಿಂದ ‘ಲೈನಿನಲ್ಲಿಯೋ ಅಲ್ಲವೋ’ ಎಂಬ ಪ್ರಶ್ನೆಯೇ ಸರಿಯಲ್ಲವೆಂದು ಹೇಳುತ್ತೇನೆ. ಕೇಳಬೇಕಾದದ್ದು ಯಾವ ಹಂತದ ಕಾರು ಎಂದು. ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ಸಿನ ಡೈಗಳನ್ನು, ಅಂದರೆ ಕಾಯಂ ಅಚ್ಚುಗಳನ್ನು ಮಾಡಿಸಲು ಅಪಾರ ಹಣ, ಬಹಳಷ್ಟು ತಿಂಗಳು ಬೇಕಾಗುವುದರಿಂದ ಮೊದಲ ಕೆಲವು ಕಾರುಗಳ ತಗಡನ್ನು ಕೈಯಿಂದ ಬಡಿದೋ ತಾತ್ಕಾಲಿಕ ಅಚ್ಚುಗಳಲ್ಲಿ ಒತ್ತಿಯೋ ಪ್ರತ್ಯೇಕ ವಿಭಾಗದಲ್ಲಿ ಕಟ್ಟುತ್ತಾರೆ. ಡೈಗಳು, ಭಾಗಗಳನ್ನು ಜೋಡಿಸುವಾಗ ಸರಿಯಾದ ಜಾಗದಲ್ಲಿ ಹಿಡಿದಿಡುವ ಜಿಗ್‌ಗಳು ಸಿದ್ಧವಾದ ಮೇಲೆ, ಅವುಗಳನ್ನು ಪರೀಕ್ಷಿಸಲು ಮತ್ತು ಕಾರ್ಮಿಕರ ಕೈ ಪಳಗಿಸಲು ಕಟ್ಟುವ ಪೈಲಟ್ ಕಾರುಗಳು ಸಾಮಾನ್ಯವಾಗಿ ನಿಜವಾದ ಲೈನಿನಲ್ಲೇ ಸಾಗಿಬರುತ್ತವೆ, ಮತ್ತು ಹೆಚ್ಚಿನವು ಕೊನೆಗೆ ನಾಶವಾಗುತ್ತವೆ. 1983ರ ಷೆವರ್ಲೆ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರು ಈ ಹಂತದಲ್ಲೇ ನಿಂತು ಮಾರುಕಟ್ಟೆಗೆ ಬರಲಿಲ್ಲ. ಕಟ್ಟಿದ 43 ಕಾರುಗಳಲ್ಲಿ ಉಳಿದ ಒಂದೇ ಒಂದು ಈಗ ಅಮೆರಿಕದ ಬೌಲಿಂಗ್ ಗ್ರೀನ್‌ನ ಕಾರ್ವೆಟ್ ಮ್ಯೂಸಿಯಮ್ಮಿನಲ್ಲಿದೆ. ಈ ಎರಡು ಹಂತಗಳಿಗೂ ಸೇರದವೂ ಇವೆ: 1963-64ರಲ್ಲಿ ಕ್ರೈಸ್ಲರ್ ಸಂಸ್ಥೆಯು ಜನಸಾಮಾನ್ಯರ ಕೈಗೆ ಕೊಟ್ಟು ಪರೀಕ್ಷಿಸಲೆಂದು ಕಟ್ಟಿದ ಜೆಟ್ ವಿಮಾನದಂಥ ಟರ್ಬೈನ್ ಎಂಜಿನ್ನಿನ 50 ಕಾರುಗಳ ಬಾಡಿ ಇಟಲಿಯ ಗಿಯಾ ಕಂಪನಿಯಲ್ಲಿ ತಯಾರಾಗಿ, ಜೋಡಣೆ ಡೆಟ್ರಾಯಿಟ್‌ನ ಸಣ್ಣ ಘಟಕವೊಂದರಲ್ಲಿ ನಡೆಯಿತು.

ನಿಮ್ಮ ಬಳಿ ಅಂಥ ಕಾರಿದ್ದರೆ ಪೇಂಟ್ ಹೊಡೆಯುವ ಗ್ಯಾರೇಜಿಗೆ ಒಯ್ಯಲೇಬೇಡಿ. ಬಾಗಿಲಿನ ಒಳತಗಡು, ಸೀಟಿನ ಕೆಳಗಿನ ನೆಲ, ಡ್ಯಾಶ್‌ಬೋರ್ಡಿನ ಹಿಂಭಾಗ, ಹೀಗೆ ಧೂಳು ಕೂತ ಜಾಗಗಳನ್ನೆಲ್ಲ ಒರೆಸುವ ಮುನ್ನವೇ ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಬಿಚ್ಚಿದ ಒಂದು ಬೋಲ್ಟನ್ನೂ ಎಸೆಯಬೇಡಿ. ‘ಎಲ್ 4’ ಬರಹದ ನನ್ನ ಏಕೈಕ ಚಿತ್ರ ಮಸುಕಾಗಿದೆ. ಅದು ನಾಲ್ಕೋ ಒಂಬತ್ತೋ ಎಂದು ಆ ಹಿರಿಯರಿಗೂ ಹೇಳಲಾಗಲಿಲ್ಲ.