80 ಎಕರೆಯ ಹಟ

ಪತ್ರ: "ನಮ್ಮಣ್ಣ ಅಮೆರಿಕದ ಆರೆಗಾನ್‌ನಲ್ಲಿ 100 ಎಕರೆ ಹೊಲ ಮಾಡಿಕೊಂಡಿದ್ದಾರೆ. ಇಬ್ಬರು ಮಕ್ಕಳಿಗೆ 50–50 ಹಂಚೋಣವೆಂದರೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯವರು ಬಿಡುತ್ತಿಲ್ಲ. ನಮ್ಮ ಜಮೀನು ಪಾಲು ಮಾಡೋಕೆ ಅವರ ಅಪ್ಪಣೆ ಯಾಕೆ? ಒಂದು ಹೊಲ ಎರಡಾದರೆ ಯಾರ ಗಂಟು ಹೋಗುತ್ತದೆ?"

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ದುಡಿದು ಕೊಂಡ ನೆಲವನ್ನು ಮಕ್ಕಳಿಗೆ ಕೊಡಲು ಕಚೇರಿಗೆ ಅಲೆಯಬೇಕೆಂದರೆ ಯಾರಿಗಾದರೂ ಉರಿಯುತ್ತದೆ. ಇಷ್ಟು ಒಪ್ಪಿದೆ. ಮುಂದಿನದನ್ನು ಸ್ವಲ್ಪ ಸಮಾಧಾನದಿಂದ ಓದಿ, ಯಾಕೆಂದರೆ ನಾನು ಕೌಂಟಿಯವರ ಕಡೆ.

ಹೊಲ ಚಿಕ್ಕ ತುಂಡಾಗಬಾರದೆಂಬ ಆ ನಿಯಮ ಯಾರೋ ಗುಮಾಸ್ತ ತೂಕಡಿಸುತ್ತ ಬರೆದದ್ದಲ್ಲ. 1973ರಲ್ಲಿ ಆರೆಗಾನ್ ಭೂಬಳಕೆ ಕಾಯ್ದೆಯನ್ನು ಶಾಸನಸಭೆಯಲ್ಲಿ ದಡ ಮುಟ್ಟಿಸಿದವರಲ್ಲಿ ಮುಖ್ಯರು ಹೆಕ್ಟರ್ ಮ್ಯಾಕ್‌ಫರ್ಸನ್. ಅವರು ಹಸು ಸಾಕುತ್ತಿದ್ದ ರೈತ! 1993ರಲ್ಲಿ ಅಳತೆಯೂ ಬಂತು. ಕೃಷಿಗೇ ಮೀಸಲಾದ ವಲಯದಲ್ಲಿ ಹೊಸ ತುಂಡು ಸಾಮಾನ್ಯವಾಗಿ 80 ಎಕರೆಗೆ ಕಡಿಮೆ ಇರಬಾರದು, ದನ ಮೇಯುವ ಬಯಲಾದರೆ 160. ನಿಮ್ಮಣ್ಣನ ಲೆಕ್ಕ ಕೂಡದಿದ್ದುದು ಅದಕ್ಕೇ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ಅದೇ 1973ರಲ್ಲಿ ಕೃಷಿಭೂಮಿ ಮೀಸಲು ಶುರುವಾಯಿತು. ಅಷ್ಟು ದೊಡ್ಡ ಪ್ರಾಂತ್ಯದಲ್ಲಿ ಅದರೊಳಗಿರುವುದು ಸುಮಾರು 5% ನೆಲ ಮಾತ್ರ.

ಇನ್ನು ಗಂಟಿನ ವಿಚಾರ. 100 ಮೀಟರ್ ಉದ್ದ, ಅಷ್ಟೇ ಅಗಲದ ಹೊಲವನ್ನು ನಾಲ್ಕು ಪಟ್ಟಿ ಮಾಡಿ. ನಡುವೆ ಮೂರು ಬದು. ಬದು ಒಂದು ಮೀಟರ್ ಅಗಲವಾದರೂ 300 ಚದರ ಮೀಟರ್ ಹೋಯಿತು. ಅದು ಮೊದಲ ಕಂತು ಅಷ್ಟೇ. ಗೆಳೆಯರೊಬ್ಬರ ಪಾಲಾದ ಹೊಲದಲ್ಲಿ ಒಮ್ಮೆ ಬೆಳಗಿಡೀ ನಿಂತಿದ್ದೆ. ಟ್ರ್ಯಾಕ್ಟರಿನವನು ಸಾಲು ಹಿಡಿಯುವಷ್ಟರಲ್ಲಿ ಹೊಲವೇ ಮುಗಿಯುತ್ತಿತ್ತು. ನೇಗಿಲು ಎತ್ತಬೇಕು, ಹಿಂದೆ ಮುಂದೆ ಮಾಡಬೇಕು, ತಿರುಗಿಸಬೇಕು. ಪಕ್ಕದ ದಾಯಾದಿ ಬದುವಿನ ಮೇಲೆ ನಿಂತು ಚಕ್ರವನ್ನೇ ನೋಡುತ್ತಿದ್ದ. ತಿರುಗಿ ತಿರುಗಿ ಆ ಅಂಚಿನ ಮಣ್ಣು ರಸ್ತೆಯಂತೆ ಗಟ್ಟಿಯಾಗಿತ್ತು. ಬಾವಿ ಒಂದೇ, ಪಾಲು ನಾಲ್ಕು. ಆ ಕಥೆ ಬೇಡ ಬಿಡಿ.

ತುಂಡು ಚಿಕ್ಕದಾದಷ್ಟೂ ರೈತನಿಗಿಂತ ಮನೆ ಕಟ್ಟುವವನು ಜಾಸ್ತಿ ದುಡ್ಡು ಕೊಡುತ್ತಾನೆ. ಮನೆ ಎದ್ದ ಮೇಲೆ ಗೊಬ್ಬರ ನಾತ, ಕಟಾವು ಯಂತ್ರದ ಸದ್ದು ಅಂತ ದೂರು. ಆರೆಗಾನ್‌ನ ಕೃಷಿ ವಲಯದಲ್ಲಿ ಮನೆ ಕಟ್ಟುವವರಿಂದ, ಪಕ್ಕದ ಬೇಸಾಯದ ಮೇಲೆ ದಾವೆ ಹೂಡುವುದಿಲ್ಲ ಅಂತ ಮೊದಲೇ ಬರೆಸಿಕೊಳ್ಳುತ್ತಾರೆ. ಹೊಲದ ಮಗ್ಗುಲಿಗೆ ಬಂದು ಹೊಲದ ವಾಸನೆ ಬೇಡ ಅನ್ನುವವರಿಗೆ ಇಂಥ ಕಾಗದ ಬೇಕೇ ಬೇಕು, ಅಲ್ವಾ?

ನಿಮ್ಮಂತೆ ಅಲ್ಲಿಯ ಜನರೂ ಸಿಟ್ಟಾಗಿದ್ದುಂಟು. 2004ರಲ್ಲಿ 90 ದಾಟಿದ ಅಜ್ಜಿಯೊಬ್ಬರು, ತಮ್ಮ 20 ಎಕರೆಯನ್ನು ಮನೆಯವರಿಗೆ ಹಂಚಲಾಗುತ್ತಿಲ್ಲ ಅಂತ ರೇಡಿಯೊ ಪ್ರಚಾರದಲ್ಲಿ ಹೇಳಿಕೊಂಡರು. ಯಾರ ಕರುಳು ಚುರುಕ್ ಅನ್ನುವುದಿಲ್ಲ? ಮತದಾರರು ಮೆಷರ್ 37 ಎಂಬ, ನೇರವಾಗಿ ಜನರ ಮತಕ್ಕೆ ಬಿಟ್ಟ ಪ್ರಸ್ತಾವವನ್ನು ಗೆಲ್ಲಿಸಿ ನಿಯಮ ಸಡಿಲಿಸಿದರು. ಆಮೇಲೆ ಅಜ್ಜಿಯ ಸೆರಗಿನ ಹಿಂದೆ ದೊಡ್ಡ ದೊಡ್ಡ ಬಡಾವಣೆಗಳ ಅರ್ಜಿಗಳೂ ಸಾಲುಗಟ್ಟಿದವು. 2007ರಲ್ಲಿ ಅದೇ ಮತದಾರರೇ ಮೆಷರ್ 49 ತಂದು ಲಗಾಮು ಎಳೆದರು.

ನನ್ನ ಹೊಟ್ಟೆಯುರಿ ಇನ್ನೊಂದಿದೆ. ಈಗ ಯಾರಿಗೂ ಹೊಲ ಹೊಲವಾಗಿ ಕಾಣುತ್ತಿಲ್ಲ. ಜಮೀನಿನ ಬಗ್ಗೆ ನಮಗೆ ಬರುವ ಪತ್ರಗಳಲ್ಲಿ "ಎಷ್ಟು ಬಂದೀತು" ಅಂತ ಕೇಳುವವರೇ ಎಲ್ಲ. "ಏನು ಬೆಳೆದೀತು" ಅನ್ನುವವರು ಅಪರೂಪ. ನೀವು ಎರಡು ಪುಟ ಎಷ್ಟು ಚೆಂದ ಬರೆದಿದ್ದೀರಿ! ಆದರೆ ನಿಮ್ಮಣ್ಣ ಆ 100 ಎಕರೆಯಲ್ಲಿ ಏನು ಬೆಳೆಯುತ್ತಾರೆ ಅನ್ನುವ ಒಂದು ಸಾಲು ಅದರಲ್ಲಿಲ್ಲ.

ಪಾಲು ಅಂದರೆ ನಡುವೆ ಬೇಲಿಯೇ ಬೀಳಬೇಕೆಂದಿಲ್ಲ. ಹೊಲ ಇಡಿಯಾಗಿಟ್ಟು ಇಬ್ಬರ ಹೆಸರಿಗೂ ಸೇರಿಸಿ ಬರೆದು, ಫಲ ಹಂಚಿಕೊಳ್ಳಬಹುದು. ಅಣ್ಣನವರಿಗೆ ಹೇಳಿ ನೋಡಿ. ಹಾಗೇ ಬೆಳೆ ಯಾವುದು ಅಂತಲೂ ಕೇಳಿ ಬರೆಯಿರಿ, ಪ್ರಕಟಿಸುತ್ತೇನೆ.