ಗೌರವ ಪ್ರತಿ ಬೇಡ, ಗಿರಾಕಿ ಬೇಕು

ಈ ತಿಂಗಳು ಬಂದ ಪತ್ರ: "ಮಾನ್ಯ ಸಂಪಾದಕರೇ, ನಾನು ಬಾಗಲಕೋಟೆ ಜಿಲ್ಲೆಯವಳು. ಬಿ.ಎ. ಮುಗಿಸಿ ಮನೆಯಲ್ಲೇ ಚಿತ್ರ ಬಿಡಿಸುತ್ತೇನೆ. ಗೆಳತಿ ಕಥೆ ಬರೆದಳು, ನಾನು ಚಿತ್ರ ಹಾಕಿದೆ. ಗೋಲಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಂದು ರಾತ್ರಿ ಯಾರೂ ಆಡದ ಮಾತು ಕೇಳಿಸುತ್ತದೆ, ಅದು ಬೇರೆ ಗ್ರಹದಿಂದ ಬಂದದ್ದು ಅಂತ ಕಥೆ. ಸ್ವಂತ ರೊಕ್ಕದಲ್ಲಿ ಅಚ್ಚು ಹಾಕಿಸಿ ಬೆಂಗಳೂರಿನ ಒಂದು ಕಾಮಿಕ್ಸ್ ಮೇಳಕ್ಕೆ ಒಯ್ದು, ಇಬ್ಬರೂ ಸೇರಿ ಒಂದು ಟೇಬಲ್ ಹಿಡಿದೆವು. ಜಪಾನಿ ಹೀರೋಗಳ ಸ್ಟಿಕ್ಕರ್ ಎಲ್ಲ ಖಾಲಿಯಾದವು. ಪುಸ್ತಕ ಹಾಗೇ ಉಳಿಯಿತು. ಸೂಪರ್ ಅಂತಾರೆ, ಫೋಟೊ ತಗೊಂಡು ಹೋಗ್ತಾರೆ. ಒಬ್ಬರು ಪಿಡಿಎಫ್ ಇದ್ರೆ ವಾಟ್ಸಾಪ್ ಮಾಡಿ ಅಂದರು. ನಮ್ಮಪ್ಪ ನಿವೃತ್ತ ಡ್ರಾಯಿಂಗ್ ಮಾಸ್ತರು. ಸರಸ್ವತಿಯನ್ನು ಸಂತೆಗೆ ಒಯ್ಯಬಾರದು ಅಂತಾರೆ. ಅದು ಖರೇನಾ? ಮತ್ತೆ ಹೋಗಬೇಕಾ, ಬೇಡ್ವಾ?"

ತಂಗೀ, ಹೋಗಬೇಕು. ಮುಂದಿನ ಸಲವೂ, ಅದರ ಮುಂದಿನ ಸಲವೂ.

ನಿಮ್ಮ ಕಥೆ ಓದುವ ಮೊದಲೇ ನನಗೆ ಹಿಡಿಸಿತು. ನಮ್ಮ ಕಡೆ ಶಾಲೆಯ ಟ್ರಿಪ್ಪಿನಲ್ಲಿ ವಿಜಯಪುರಕ್ಕೆ ಹೋದ ಪ್ರತಿ ಮಗುವೂ ಆ ಗ್ಯಾಲರಿಯಲ್ಲಿ ನಿಂತು ಕೂಗಿದೆ, ಮಾಸ್ತರ ಕೈಲಿ ಬೈಸಿಕೊಂಡಿದೆ. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಸುಮಾರು 37 ಮೀಟರ್ ಆಚೆಗೆ, ಎದುರಿನ ಗೋಡೆಯ ಹತ್ತಿರ ನಿಂತವರಿಗೆ ಕೇಳಿಸುತ್ತದೆ. ಅಲ್ಲಿ ಯಾರೂ ಆಡದ ಮಾತು ಕೇಳಿಸಿದರೆ ಏನಾದೀತು ಅಂತ ಇಷ್ಟು ವರ್ಷ ನಮ್ಮ ದೊಡ್ಡ ಸಾಹಿತಿಗಳಿಗೆ ಯಾಕೆ ಹೊಳೆಯಲಿಲ್ಲವೋ ಏನೋ. ಪ್ರಶಸ್ತಿಗೆ ಅರ್ಜಿ ತುಂಬುವುದರಲ್ಲಿ ಪುರಸೊತ್ತು ಸಿಕ್ಕಿರಲಿಕ್ಕಿಲ್ಲ.

ಅಪ್ಪಾಜಿಯವರ ಮಾತಿನಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಮಾರಾಟ ಆಗುವುದನ್ನೇ ಮಾಡುತ್ತ ಹೋದರೆ ಕೈ ಕೆಡುತ್ತದೆ. ಗಿರಾಕಿಯ ಮುಖ ನೋಡಿ ಬಣ್ಣ ಹಚ್ಚುವುದು ಒಳ್ಳೆಯ ಚಾಳಿ ಅಲ್ಲ. ಆ ಮಾತಿಗೊಂದು ನಮಸ್ಕಾರ.

ಆದರೆ ಸರಸ್ವತಿ ಸಂತೆಗೆ ಹೋಗದೇ ಇದ್ದದ್ದು ಯಾವ ಕಾಲದಲ್ಲಿ? ಗಳಗನಾಥರನ್ನು ನೆನೆಯಿರಿ. ವೆಂಕಟೇಶ ತಿರಕೋ ಕುಲಕರ್ಣಿ, 1869ರಲ್ಲಿ ಹುಟ್ಟಿದವರು. ಅವರೂ ಮಾಸ್ತರಿಕೆ ಮಾಡಿದವರೇ. ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದ ಆ ಮನುಷ್ಯ ತಾನು ಬರೆದ ಪುಸ್ತಕಗಳ ಗಂಟನ್ನು ತಾನೇ ಹೊತ್ತು ಊರೂರು ತಿರುಗಿ ಮಾರಿದ. ಇಂದು ಅವರ ಹೆಸರಿನಲ್ಲಿ ಭಾಷಣ ಮಾಡುವವರು ಆ ಗಂಟಿನ ವಿಷಯ ಬಂದಾಗ ಗದ್ಗದಿತರಾಗುತ್ತಾರೆ. 'ಅಯ್ಯೋ, ಎಂಥ ಕಷ್ಟ' ಅನ್ನುತ್ತಾರೆ. ನನಗೆ ಆ ಅಯ್ಯೋ ಸೇರುವುದಿಲ್ಲ. ಬಿಸಿಲಿನ ಕಷ್ಟ ಇತ್ತು, ನಿಜ. ಆದರೆ ಯಾವ ಊರಿನಲ್ಲಿ ಯಾರು ಓದುತ್ತಾರೆ, ಯಾವ ಕಥೆಗೆ ಕೈ ಚಾಚುತ್ತಾರೆ ಅನ್ನುವುದು ಅವರಷ್ಟು ಚೆನ್ನಾಗಿ ಯಾವ ಪ್ರಕಾಶಕನಿಗೆ ಗೊತ್ತಿತ್ತು? ಧಾರವಾಡದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ 1933ರಲ್ಲಿ ಶುರುವಾದಾಗಲೂ ಅದನ್ನು ಕಟ್ಟಿದ ಜಿ. ಬಿ. ಜೋಶಿಯವರು ನೆಚ್ಚಿಕೊಂಡಿದ್ದು ಚಂದಾದಾರರನ್ನೇ. ಮೊದಲು ಓದುಗ ರೊಕ್ಕ ಕೊಡಬೇಕು, ಆಮೇಲೆ ಪುಸ್ತಕ ಮನೆಗೆ ಬರಬೇಕು. ಯಾರೂ ಅದನ್ನು ಅಪಚಾರ ಅನ್ನಲಿಲ್ಲ.

ನಿಮ್ಮ ಜಿಲ್ಲೆಯಲ್ಲೇ ಬನಶಂಕರಿ ಜಾತ್ರೆ ಇದೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳು ಅಲ್ಲಿ ಟೆಂಟು ಹಾಕಿ, ಟಿಕೆಟ್ ಹರಿದು ಆಟ ಆಡುತ್ತವೆ. ಅಪ್ಪಾಜಿಯವರೂ ಸಾಲಿನಲ್ಲಿ ನಿಂತು ಟಿಕೆಟ್ ತಗೊಂಡೇ ನಾಟಕ ನೋಡಿರುತ್ತಾರೆ, ಕೇಳಿ ನೋಡಿ. ಅದೇ ಜಾತ್ರೆಯಲ್ಲಿ ಕಟ್ಟಿಗೆಯ ಬಾಗಿಲು, ಚೌಕಟ್ಟು ಮಾರುವ ಬಡಿಗರನ್ನು ನಾನು ನಿಂತು ನೋಡಿದ್ದೇನೆ. ಗಿರಾಕಿ ಹತ್ತಿರ ಬಂದ ಕೂಡಲೇ ಬಡಿಗ ಮಾತಾಡುವುದಿಲ್ಲ. ಬೆರಳಿನ ಗೆಣ್ಣಿನಿಂದ ಹಲಗೆಗೆ ಎರಡು ಸಲ ಬಡಿಯುತ್ತಾನೆ. ಸದ್ದು ಕೇಳಿಸಲಿ ಅಂತ. ಆಮೇಲೆ ಬಾಗಿಲನ್ನು ಹಿಂದು ಮುಂದು ಮಾಡಿ, ಬೆನ್ನಿನ ಕಡೆ ಇರುವ ಗಂಟನ್ನು ತಾನೇ ತೋರಿಸುತ್ತಾನೆ. 'ಇಲ್ಲೊಂದು ಗಂಟು ಐತ್ರಿ, ಅದಕ್ಕ ಇದರ ರೇಟ್ ಕಡಿಮಿ. ಆ ಕಡೀದು ನೋಡ್ರಿ, ಅದಕ್ಕ ಗಂಟಿಲ್ಲ, ರೇಟ್ ಜಾಸ್ತಿ.' ನಾಲ್ಕು ಬೆರಳಗಲದ ಹೂಬಳ್ಳಿ ಕೊರೆದದ್ದಕ್ಕೆ ಬೇರೆ ಕೂಲಿ ಲೆಕ್ಕ ಹಾಕಿ ಹೇಳುತ್ತಾನೆ. ದನಿ ತಗ್ಗಿಸುವುದಿಲ್ಲ. ನಮ್ಮ ಕವಿಗಳನ್ನು ಅಲ್ಲಿ ನಿಲ್ಲಿಸಬೇಕು. ಹಲಗೆಯ ಮೇಲೆ 'ಇದು ನನ್ನ ಅಲ್ಪ ಪ್ರಯತ್ನ, ತಪ್ಪಿದ್ದರೆ ಮನ್ನಿಸಿ' ಅಂತ ಬರೆದು ಹಿಂದೆ ಹೋಗಿ ಅವಿತುಕೊಳ್ಳುತ್ತಾರೆ.

ನೀವು ಹೋದಂಥ ಮೇಳಗಳ ಹುಟ್ಟೂ ಹೀಗೆಯೇ. ವೈಜ್ಞಾನಿಕ ಕಥೆಯ ಮೊದಲ ವಿಶ್ವ ಸಮ್ಮೇಳನ 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು. ಸುಮಾರು 200 ಜನ ಸೇರಿದ್ದರು, ಅಷ್ಟೇ. ನಮ್ಮಲ್ಲಿ ಒಂದು ಮದುವೆಯ ಮೊದಲ ಪಂಕ್ತಿಗೆ ಅಷ್ಟು ಜನ ಕೂಡುತ್ತಾರೆ. ಆ ಕಾಲದ ಸಮ್ಮೇಳನಗಳಿಗೆ ಸರ್ಕಾರದ ಅನುದಾನ ಎಲ್ಲಿಂದ ಬರಬೇಕು? ಪತ್ರಿಕೆಗಳಿಗೆ ಬರೆದ ಮೂಲ ಚಿತ್ರಗಳನ್ನು ಲಿಲಾವು ಹಾಕಿ ಖರ್ಚು ತೂಗಿಸುತ್ತಿದ್ದರು. 1960ರಲ್ಲಿ ಪಿಟ್ಸ್‌ಬರ್ಗಿನ ಸಮ್ಮೇಳನದಲ್ಲಿ ಬೀಜೋ ಟ್ರಿಂಬಲ್ ಎಂಬ ಹೆಣ್ಣುಮಗಳು ಮುಂದೆ ನಿಂತು ಸರಿಯಾದ ಚಿತ್ರ ಪ್ರದರ್ಶನವನ್ನೇ ಕಟ್ಟಿದರು. (ಮುಂದೆ ಒಂದು ಟಿವಿ ಸರಣಿ ನಿಂತುಹೋಗದಂತೆ ಅಭಿಮಾನಿಗಳಿಂದ ರಾಶಿ ರಾಶಿ ಪತ್ರ ಬರೆಸಿದವರೂ ಇವರೇ. ಪತ್ರ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದ ಅಭಿಮಾನ.)

ಅಲ್ಲಿಯ ಪದ್ಧತಿ ಕೇಳಿ. ಕಲಾವಿದ ಜಾಗಕ್ಕೆ ಬಾಡಿಗೆ ಕೊಟ್ಟು ಚಿತ್ರ ತೂಗುಹಾಕುತ್ತಾನೆ. ಪ್ರತಿ ಚಿತ್ರದ ಪಕ್ಕ ಒಂದು ಚೀಟಿ. ಮೇಲೆ ಕಲಾವಿದ ಬರೆದ ಕನಿಷ್ಠ ಬೆಲೆ, ಕೆಳಗೆ ಖಾಲಿ ಗೆರೆಗಳು. ಬೇಕಾದವರು ತಮ್ಮ ಹೆಸರು, ಮೊತ್ತ ಬರೆಯುತ್ತಾರೆ. ಇನ್ನೊಬ್ಬ ಬಂದು ಅದಕ್ಕಿಂತ ಜಾಸ್ತಿ ಬರೆಯುತ್ತಾನೆ. ಒಂದು ಚಿತ್ರಕ್ಕೆ ಹೆಸರು ಬಹಳ ಬಿದ್ದರೆ ಕೊನೆಗೆ ಅದನ್ನು ಎಲ್ಲರ ಮುಂದೆ ಕೂಗಿ ಲಿಲಾವು. ಸಮ್ಮೇಳನದವರು ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ಕಲಾವಿದನಿಗೆ ಕೊಡುತ್ತಾರೆ. ಮೂಲ ಚಿತ್ರ ಕೊಳ್ಳಲಾರದವನಿಗೆ ಅದರದೇ ಅಚ್ಚುಪ್ರತಿ ಕಡಿಮೆ ದರಕ್ಕೆ ಇರುತ್ತದೆ. ಬರೆದವನ ಮರ್ಯಾದೆ ಇದರಿಂದ ಕಡಿಮೆಯಾಗಿಲ್ಲ. ಚೀಟಿಯ ಮೇಲೆ ಹೆಸರು ಏರುತ್ತ ಹೋಗುವುದನ್ನು ದೂರ ನಿಂತು ನೋಡುವ ಸುಖ ಯಾವ ಶಾಲಿನಲ್ಲಿದೆ?

ಜಪಾನಿನವರು ಇನ್ನೂ ಮುಂದೆ ಹೋದರು. ಟೋಕಿಯೊದ ಕಾಮಿಕೆಟ್ ಎಂಬ ಕಾಮಿಕ್ಸ್ ಮೇಳ 1975ರ ಡಿಸೆಂಬರಿನಲ್ಲಿ 32 ಗುಂಪುಗಳಿಂದ, ಸುಮಾರು 700 ಜನರಿಂದ ಶುರುವಾಯಿತು. ಈಗ ವರ್ಷಕ್ಕೆ ಎರಡು ಸಲ ಲಕ್ಷಗಟ್ಟಲೆ ಜನ ಬರುತ್ತಾರೆ. ಅಲ್ಲಿ ಮಾರುವುದು ಹೆಚ್ಚಾಗಿ ಹುಡುಗ ಹುಡುಗಿಯರು ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ಪುಸ್ತಕಗಳು. ಮಾರುವವನು, ಕೊಳ್ಳುವವನು, ಗೇಟಿನಲ್ಲಿ ನಿಂತು ಸಾಲು ಹಚ್ಚುವವನು, ಎಲ್ಲರೂ ಮೇಳದಲ್ಲಿ ಸಮಾನ ಪಾಲುದಾರರು ಅನ್ನುವುದು ಅವರ ನಿಯಮ. ನಮ್ಮ ದೇಶದ ಮೊದಲ ಕಾಮಿಕ್ ಕಾನ್ 2011ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆಯಿತಲ್ವಾ, ಅದು ನಡೆದದ್ದು ಎಲ್ಲಿ? ದಿಲ್ಲಿ ಹಾಟ್‌ನಲ್ಲಿ. ನೇಕಾರರು, ಕುಂಬಾರರು ತಮ್ಮ ಮಾಲು ತಂದು ತಾವೇ ಮಾರಲಿ ಅಂತ ಕಟ್ಟಿದ ಬಜಾರದಲ್ಲಿ. ಇಳಕಲ್ ಸೀರೆಯ, ಗುಳೇದಗುಡ್ಡ ಖಣದ ಜಿಲ್ಲೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕೇ?

ಸ್ಟಿಕ್ಕರ್ ವಿಷಯಕ್ಕೆ ಸ್ವಲ್ಪ ಬೈಯುತ್ತೇನೆ, ಸಿಟ್ಟಾಗಬೇಡಿ. ಬೇರೆಯವರು ಹುಟ್ಟಿಸಿದ ಹೀರೋನನ್ನು ನೀವು ಬರೆದು ಮಾರುವುದಕ್ಕೆ ಕಾನೂನಿನ ಪ್ರಕಾರ ಅವರ ಒಪ್ಪಿಗೆ ಬೇಕು. ಕಂಪನಿಗಳು ಸಣ್ಣವರ ಕಡೆ ಕಣ್ಣು ಮುಚ್ಚಿಕೊಂಡಿವೆ, ಟೇಬಲ್ ಬಾಡಿಗೆ ಅದರಿಂದಲೇ ಹುಟ್ಟುತ್ತದೆ, ಎಲ್ಲ ಗೊತ್ತು. ಆದರೂ ನಿಮ್ಮ ಗೋಲಗುಮ್ಮಟದ ಸ್ಟಿಕ್ಕರ್ ಎಲ್ಲಿ? ಕಥೆಯ ಹುಡುಗಿಯ ಮುಖ ಎಲ್ಲಿ? ಅವುಗಳನ್ನು ಸ್ಟಿಕ್ಕರ್ ಮಾಡಿಸಲಿಲ್ಲ ಅಂತ ನಿಮ್ಮ ಪತ್ರವೇ ಹೇಳುತ್ತದೆ. ಹತ್ತಿರ ಬಂದವರಿಗೆ ಅಗ್ಗದ ದರದಲ್ಲಿ ಜಪಾನನ್ನು ಕೊಟ್ಟು ಕಳಿಸಿದ ಮೇಲೆ ಅವರು ವಿಜಯಪುರವನ್ನು ಯಾಕೆ ಕೇಳುತ್ತಾರೆ?

ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮೂಲ ಚಿತ್ರ ಮಾರಿದರೆ ಕೊಂಡವನಿಗೆ ಹೋಗುವುದು ಆ ಕಾಗದ ಮಾತ್ರ. ಅದನ್ನು ಅಚ್ಚು ಹಾಕಿಸುವ, ಟೀ ಶರ್ಟಿನ ಮೇಲೆ ಹಾಕುವ ಹಕ್ಕು ಬರೆದವರ ಹತ್ತಿರವೇ ಇರುತ್ತದೆ. ಆ ಹಕ್ಕು ಬಿಟ್ಟುಕೊಡಬೇಕಾದರೆ ಬರಹದಲ್ಲಿ, ಸಹಿ ಹಾಕಿ ಕೊಡಬೇಕು ಅಂತ 1957ರ ಕಾಪಿರೈಟ್ ಕಾಯ್ದೆ ಹೇಳುತ್ತದೆ. ಬಾಯಿಮಾತಿಗೆ ತಲೆ ಆಡಿಸಬೇಡಿ. ರಸೀದಿ ಪುಸ್ತಕ ಇಟ್ಟುಕೊಳ್ಳಿ, ಅದರ ಮೇಲೆ ಇದನ್ನು ಬರೆದೇ ಕೊಡಿ.

ಈಗ ನನ್ನ ಹೊಟ್ಟೆಯಲ್ಲಿರುವುದನ್ನು ಹೇಳಿಬಿಡುತ್ತೇನೆ. ವಾಟ್ಸಾಪ್ ಮಾಡಿ ಅಂದನಲ್ಲ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನನ್ನು ಹಾಗೆ ಬೆಳೆಸಿದವರು ನಾವು. ಕನ್ನಡದಲ್ಲಿ ಪುಸ್ತಕ ಅಂದರೆ ಪುಕ್ಕಟೆ ಸಿಗುವ ವಸ್ತು. ಬಿಡುಗಡೆ ಸಮಾರಂಭಕ್ಕೆ ಹೋಗಿ ನೋಡಿ. ವೇದಿಕೆಯ ಮೇಲೆ ಒಂಬತ್ತು ಜನ, ಒಂಬತ್ತು ಶಾಲು, ಒಂಬತ್ತು ಹಾರ. ಬಣ್ಣದ ಕಾಗದ ಬಿಚ್ಚಿ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೊ. ಹಾರದವನಿಗೆ ರೊಕ್ಕ, ಶಾಮಿಯಾನದವನಿಗೆ ರೊಕ್ಕ, ಉಪ್ಪಿಟ್ಟು ಶಿರಾ ಮಾಡಿದವನಿಗೆ ರೊಕ್ಕ. ಬರೆದವನು ಬಾಗಿಲಲ್ಲಿ ನಿಂತು ಹೋಗುವವರ ಕೈಗೆಲ್ಲ 'ಗೌರವ ಪ್ರತಿ' ಕೊಡುತ್ತಾನೆ. ಯಾರ ಗೌರವ, ಸ್ವಾಮಿ? ಓದುತ್ತಾರೆ ಅಂತ ಕೊಟ್ಟ ಪ್ರತಿಗಳು ರದ್ದಿ ಅಂಗಡಿಯಲ್ಲಿ ಸಹಿ ಸಮೇತ ಸಿಗುತ್ತವೆ. ಇನ್ನು ಕೆಲವರ ಕಣ್ಣು ಓದುಗನ ಮೇಲೆ ಇಲ್ಲವೇ ಇಲ್ಲ, ಅದು ಗ್ರಂಥಾಲಯಗಳಿಗಾಗಿ ಸರ್ಕಾರ ಮಾಡುವ ಸಗಟು ಖರೀದಿಯ ಪಟ್ಟಿಯ ಮೇಲಿದೆ. ಪಟ್ಟಿಯಲ್ಲಿ ಹೆಸರು ಬಂದರೆ ಸಾಕು, ಓದುಗ ಹುಟ್ಟದಿದ್ದರೂ ನಡೆಯುತ್ತದೆ.

ಬೆಳಗಾವಿಯಲ್ಲಿ ಕುಳಿತು ಪತ್ರಿಕೆ ನಡೆಸುವ ನನಗೆ ದೀಪಾವಳಿ ಬಂತೆಂದರೆ ಹೊಟ್ಟೆಕಿಚ್ಚು. ಮರಾಠಿ ದಿವಾಳಿ ಅಂಕಗಳು, ಅಂದರೆ ಪತ್ರಿಕೆಗಳ ದೀಪಾವಳಿ ವಿಶೇಷಾಂಕಗಳು, ಅಂಗಡಿಯ ಮುಂದೆ ಸಾಲಾಗಿ ಕೂತಿರುತ್ತವೆ. 1909ರಿಂದ ನಡೆದು ಬಂದ ರೂಢಿ ಅದು. ಸೀರೆ, ಪಟಾಕಿಯ ಜೊತೆಗೆ ಒಂದು ಅಂಕಕ್ಕೂ ರೊಕ್ಕ ತೆಗೆದಿಡುವ ಮನೆಗಳಿವೆ. ಪಕ್ಕದ ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ ನಾರಳೀಕರರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಬೇರೆ ಹೆಸರಿಟ್ಟುಕೊಂಡು ಕಥೆ ಕಳಿಸಿ ಬಹುಮಾನ ಪಡೆದರು. ಆಮೇಲೆ ಅವರ ವೈಜ್ಞಾನಿಕ ಕಥೆಗಳನ್ನು ಜನ ಕೊಂಡು ಓದಿದರು. ನಮ್ಮಲ್ಲಿ ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆಯುವ ಅದೇ ಕೆಲಸ ಮಾಡಿದರು. ಅವರ ಹೆಸರು ಹೇಳಿದರೆ ಇಂದು ಕಾಲೇಜಿನ ಹುಡುಗರು ಮುಖ ಮುಖ ನೋಡುತ್ತಾರೆ. ಗಡಿಯ ಜಗಳ ಏನಾದರೂ ಇರಲಿ, ಈ ಒಂದು ವಿಷಯದಲ್ಲಿ ಮರಾಠಿಯವರಿಂದ ಕಲಿಯುವುದಿದೆ.

ಸಾಹಿತ್ಯ ಸಮ್ಮೇಳನಗಳಲ್ಲಿ ಪುಸ್ತಕ ಮಾರಾಟ ಆಗುವುದಿಲ್ಲವೇ ಅಂತ ಕೇಳಬಹುದು. ಚೆನ್ನಾಗಿಯೇ ಆಗುತ್ತದೆ. 2013ರಲ್ಲಿ ವಿಜಯಪುರದಲ್ಲಿ ಸಮ್ಮೇಳನ ನಡೆದಾಗ ಧೂಳಿನಲ್ಲಿ ತಲೆಯ ಮೇಲೆ ಟವೆಲ್ ಹೊದ್ದು ಪುಸ್ತಕ ಕೊಳ್ಳುತ್ತಿದ್ದ ರೈತರನ್ನು ನಾನು ಕಂಡಿದ್ದೇನೆ. ಕೊಳ್ಳುವವರಿಗೆ ಬರವಿಲ್ಲ, ತಂಗೀ. ಆದರೆ ಮಳಿಗೆ ಅಂದರೆ ಇಡೀ ಮಳಿಗೆ. ಒಂದೇ ಪುಸ್ತಕ ಇರುವ ಹುಡುಗಿ ಅಷ್ಟು ದೊಡ್ಡ ಜಾಗ ಹಿಡಿದು ಏನು ಮಾಡಬೇಕು? ಒಂದು ಸಾಲು ಬರೀ ಟೇಬಲ್ ಹಾಕಿ, ಬರೆದವರೇ ಬಂದು ಕೂರಲಿ, ದಿನಕ್ಕಿಷ್ಟು ಅಂತ ಸಣ್ಣ ಬಾಡಿಗೆ ತಗೊಳ್ಳಿ ಅಂತ ಹೇಳಿದರೆ ಸಂಘಟಕರು ನಗುತ್ತಾರೆ. ಊಟದ ಕೌಂಟರಿಗೆ ಮಾತ್ರ ಎಷ್ಟು ಬೇಕಾದರೂ ಟೇಬಲ್ ಸಿಗುತ್ತವೆ.

ಇರಲಿ. ನಿಮ್ಮ ಟೇಬಲ್ಲಿಗೆ ಬರೋಣ. ಪುಸ್ತಕವನ್ನು ಮಲಗಿಸಬೇಡಿ, ನಿಲ್ಲಿಸಿ. ಗುಮ್ಮಟದ ಒಂದು ದೊಡ್ಡ ಚಿತ್ರ ತಲೆಯ ಮೇಲೆ ತೂಗಲಿ. ಅದು ಮಾರಾಟ ಆಗದಿದ್ದರೂ ಜನರನ್ನು ನಿಲ್ಲಿಸುತ್ತದೆ. ಬೆಲೆಯನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಬೆಲೆ ಕೇಳಲು ನಾಚುವವರೇ ಜಾಸ್ತಿ. ಗೆಳತಿಯರಿಬ್ಬರೂ ಒಟ್ಟಿಗೆ ಮೊಬೈಲ್ ನೋಡುತ್ತ ಕೂರಬೇಡಿ, ಒಬ್ಬರು ನಿಂತಿರಿ. ಯಾರಾದರೂ ಫೋಟೊ ತೆಗೆದರೆ ಬೇಡ ಅನ್ನಬೇಡಿ, ಪುಸ್ತಕವನ್ನು ಅವರ ಕೈಗೇ ಕೊಟ್ಟು 'ನಾಕನೇ ಪುಟ ನೋಡ್ರಿ' ಅನ್ನಿ. ಬೆಂಗಳೂರಿನಲ್ಲೂ ನಮ್ಮ ಮಾತಿನಲ್ಲೇ ಅನ್ನಿ. ಅಲ್ಲಿ ನಮ್ಮ ಕಡೆಯ ಮಕ್ಕಳು ಎಷ್ಟೋ ಜನ ನೌಕರಿ ಮಾಡುತ್ತಿದ್ದಾರೆ, ತಿರುಗಿ ನೋಡುತ್ತಾರೆ. ಬೆಂಗಳೂರಿಗಷ್ಟೇ ಕಾಯಲೂ ಬೇಡಿ. ವಿಜಯಪುರದಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇದೆ. ಗುಮ್ಮಟವನ್ನು ದಿನಾ ನೋಡುವ ಮಂದಿಗೆ ಗುಮ್ಮಟದ ಕಥೆ ಮಾರಿ ನೋಡಿ.

ನಿಮ್ಮ ಪತ್ರದಲ್ಲಿ ಪುಸ್ತಕದ ಬೆಲೆ ಬರೆದಿಲ್ಲ. ಅದು ನಿಮ್ಮ ರೋಗದ ಮೊದಲ ಲಕ್ಷಣ. ಬೆಲೆ, ಅಂಚೆ ಖರ್ಚು ಎರಡನ್ನೂ ಬರೆದು ತಿಳಿಸಿ. ನಮ್ಮ ಕಚೇರಿಗೆ ಎರಡು ಪ್ರತಿ ಬೇಕು, ಒಂದು ನನಗೆ, ಒಂದು ವಿಮರ್ಶೆ ಬರೆಯುವವರಿಗೆ. ರೊಕ್ಕ ಮೊದಲೇ ಕಳಿಸುತ್ತೇವೆ. ಡಿಸ್ಕೌಂಟ್ ಬೇಡ. ಅಪ್ಪಾಜಿಯವರಿಗೆ ನನ್ನ ನಮಸ್ಕಾರ ತಿಳಿಸಿ, ಜೊತೆಗೆ ಒಂದು ಮಾತು ಕೇಳಿ: ಮಾಸ್ತರಿಕೆಯ ಪಗಾರನ್ನು ಅವರು ಯಾವ ತಿಂಗಳು ಬೇಡ ಅಂದಿದ್ದರು?